ಮನೆಬಾಗಿಲಿಗೆ ಬಂದ ಒತ್ತಡಮಾಪಕ

ಸ್ಟೀಫನ್ ಹೇಲ್ಸ್ ಎಂಬ ಆಂಗ್ಲ ಪಾದ್ರಿಯು 1733ರಲ್ಲಿ ತನ್ನದೊಂದು ವಿಚಿತ್ರ ಪ್ರಯೋಗವನ್ನು ಪ್ರಕಟಿಸಿದನು. ಕುದುರೆಯೊಂದರ ಧಮನಿಗೆ ಉದ್ದವಾದ ಗಾಜಿನ ಕೊಳವೆಯನ್ನು ಜೋಡಿಸಲು, ರಕ್ತವು ಅದರಲ್ಲಿ ಎಂಟು ಅಡಿಗೂ ಮಿಕ್ಕಿ ಏರಿ ನಿಂತಿತು. ರಕ್ತದ ಒತ್ತಡವು ಹೀಗೆ ಕಣ್ಣಿಗೆ ಕಾಣುವಂತಾಯಿತು.

ಮನುಷ್ಯನಲ್ಲಿ ಈ ಒತ್ತಡವೆಷ್ಟು? ಆರೋಗ್ಯವಂತನ ಹೃದಯವು ಸಂಕುಚಿಸಿದಾಗ ಸುಮಾರು 120 ಮಿಲಿಮೀಟರ್ ಪಾದರಸದಷ್ಟು. ವಿಕಸಿಸಿದಾಗ ಸುಮಾರು 80. ಪಾದರಸವು ನೀರಿಗಿಂತ 13.6 ಪಟ್ಟು ಸಾಂದ್ರವಾದುದು. ಆದುದರಿಂದ 120 ಮಿಲಿಮೀಟರ್ ಪಾದರಸವೆಂದರೆ 1.6 ಮೀಟರಿಗೂ ಎತ್ತರವಾದ ನೀರಿನ ಕಂಬ. ಹೃದಯವು ಈ ಕೆಲಸವನ್ನು ದಿನಕ್ಕೆ ಸುಮಾರು ಒಂದು ಲಕ್ಷ ಸಲ ಮಾಡುತ್ತದೆ. ಒತ್ತಡವು 160ಕ್ಕೆ ಏರಿತೆನ್ನೋಣ. ಆಗ ಕಂಬದ ಎತ್ತರ ಸುಮಾರು 2.2 ಮೀಟರ್. ಅಷ್ಟೇ ರಕ್ತವನ್ನು ನೂಕಲು ಮೂರರಲ್ಲೊಂದು ಪಾಲು ಹೆಚ್ಚು ದುಡಿಮೆ!

ಒತ್ತಡವೇರುವುದೇಕೆ? ಪ್ವಾಸೇಯ್ ನಿಯಮವನ್ನು ಕಲಿತವರು ಊಹಿಸಬಲ್ಲರು. ಕೊಳವೆಯ ತ್ರಿಜ್ಯವು ಹತ್ತರಲ್ಲೊಂದು ಪಾಲು ಕುಗ್ಗಿದರೆ ಪ್ರವಾಹಕ್ಕೆ ಅಡ್ಡಿಯು ಸುಮಾರು ಒಂದೂವರೆ ಪಟ್ಟಾಗುತ್ತದೆ. ರಕ್ತನಾಳಗಳಿಗೂ ಈ ನಿಯಮವು ಸ್ಥೂಲವಾಗಿ ಅನ್ವಯಿಸುತ್ತದೆ. ಸಣ್ಣ ಧಮನಿಗಳು ಕಿರಿದಾದಂತೆ ಹೃದಯವು ಹೆಚ್ಚು ಬಲದಿಂದ ನೂಕಬೇಕಾಗುತ್ತದೆ. ವರ್ಷಗಟ್ಟಲೆ ಹೀಗೆ ದುಡಿದ ಹೃದಯದ ಸ್ನಾಯು ದಪ್ಪವಾಗುತ್ತದೆ, ಧಮನಿಗಳ ಒಳಗೋಡೆ ಕೆಡುತ್ತದೆ. ಕೊನೆಗೊಂದು ದಿನ ಹೃದಯಾಘಾತವೋ ಪಾರ್ಶ್ವವಾಯುವೋ ಬಂದೆರಗಬಹುದು.

ಆ ದಿನದವರೆಗೆ ಸಾಮಾನ್ಯವಾಗಿ ನೋವಿಲ್ಲ, ಜ್ವರವಿಲ್ಲ. ರೈತನು ಉಳುತ್ತಲೇ ಇರುತ್ತಾನೆ, ತಾಯಿ ಅಡಿಗೆ ಮಾಡುತ್ತಲೇ ಇರುತ್ತಾಳೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ, 2019ರಲ್ಲಿ 30ರಿಂದ 79 ವಯಸ್ಸಿನ ಸುಮಾರು 128 ಕೋಟಿ ಜನರಲ್ಲಿ ಅಧಿಕ ರಕ್ತದೊತ್ತಡವಿದ್ದಿತು. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಅದರ ಅರಿವೇ ಇರಲಿಲ್ಲ. ಹೃದ್ರೋಗವು ಸಿರಿವಂತರ ಕಾಯಿಲೆಯೆಂಬ ಮಾತುಂಟು, ಅದು ಸುಳ್ಳು. ಹೃದಯ ಮತ್ತು ರಕ್ತನಾಳಗಳ ರೋಗಗಳಿಂದಾಗುವ ಮರಣಗಳಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು, ಕಡಿಮೆ ಹಾಗೂ ಮಧ್ಯಮ ವರಮಾನದ ದೇಶಗಳಲ್ಲಿಯೇ ಸಂಭವಿಸುತ್ತವೆ.

ಹಳ್ಳಿಹಳ್ಳಿಗೂ ವೈದ್ಯರಿಲ್ಲದ ನಾಡುಗಳು ಮಾಡುವುದೇನು? ಬಾಂಗ್ಲಾದೇಶ, ಪಾಕಿಸ್ತಾನ ಮತ್ತು ಶ್ರೀಲಂಕಾಗಳ 30 ಗ್ರಾಮೀಣ ಸಮುದಾಯಗಳಲ್ಲಿ ಇದಕ್ಕೊಂದು ಉತ್ತರವನ್ನು ಪರೀಕ್ಷಿಸಲಾಯಿತು. ಅಧಿಕ ಒತ್ತಡವಿದ್ದ 2,645 ಜನರು ಇದರಲ್ಲಿ ಪಾಲುಗೊಂಡರು. ಅರ್ಧದಷ್ಟು ಸಮುದಾಯಗಳಲ್ಲಿ, ತರಬೇತಿ ಪಡೆದ ಸರಕಾರಿ ಆರೋಗ್ಯ ಕಾರ್ಯಕರ್ತರು ಮನೆಗಳಿಗೆ ಹೋಗಿ ಒತ್ತಡವನ್ನು ಅಳೆದರು. ಆಹಾರ, ಔಷಧಗಳ ವಿಷಯವನ್ನು ಮನೆಯವರಿಗೆ ತಿಳಿಯಹೇಳಿದರು. ಅಗತ್ಯವಿದ್ದವರನ್ನು ವೈದ್ಯರ ಬಳಿಗೆ ಕಳುಹಿಸಿದರು. ಉಳಿದೆಡೆ ಎಂದಿನ ಚಿಕಿತ್ಸೆಯೇ ನಡೆಯಿತು. 2020ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ಎರಡು ವರ್ಷಗಳ ತರುವಾಯ, ಕಾರ್ಯಕರ್ತರು ಹೋದೆಡೆಗಳಲ್ಲಿ ಸಂಕೋಚನದ ಒತ್ತಡವು ಸರಾಸರಿ 5 ಮಿಲಿಮೀಟರಿನಷ್ಟು ಹೆಚ್ಚಾಗಿ ಇಳಿದಿತ್ತು.

ಐದು ಮಿಲಿಮೀಟರ್ ಅಲ್ಪವೆನ್ನಿಸೀತು. ಆದರೆ ಔಷಧದಿಂದ ಅಷ್ಟು ಇಳಿಸಿದರೂ ಹೃದಯಾಘಾತ, ಪಾರ್ಶ್ವವಾಯುಗಳಂಥ ಗಂಡಾಂತರಗಳು ನೂರಕ್ಕೆ ಹತ್ತರಷ್ಟು ತಗ್ಗುವುವೆಂದು 2021ರಲ್ಲಿ ಪ್ರಕಟವಾದ ಬೃಹತ್ ವಿಶ್ಲೇಷಣೆಯೊಂದು ತೋರಿಸಿದೆ.

ವಿದ್ಯಾರ್ಥಿಗಳಾದ ನೀವೂ ಈ ಕಾರ್ಯಕರ್ತರಂತೆ ನೆರವಾಗಬಲ್ಲಿರಿ. ದಿನಕ್ಕೆ ಒಬ್ಬರಿಗೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕು, ಅಂದರೆ ಒಂದು ಚಹಾ ಚಮಚಕ್ಕಿಂತ ಕಡಿಮೆ. ಉಪ್ಪಿನಕಾಯಿ, ಹಪ್ಪಳಗಳಲ್ಲಿರುವುದೂ ಈ ಲೆಕ್ಕಕ್ಕೆ ಸೇರಿದ್ದೆಂದು ಮನೆಯಲ್ಲಿ ತಿಳಿಸಿರಿ. ಮೂವತ್ತು ದಾಟಿದ ತಂದೆತಾಯಿಗಳನ್ನು ಸಮೀಪದ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ತೋಳಿಗೆ ಪಟ್ಟಿ ಕಟ್ಟಿ ಅಳೆಯಲು ಕೆಲವೇ ನಿಮಿಷಗಳು ಸಾಕು. ತಾನಾಗಿ ದೂರು ಹೇಳಿಕೊಳ್ಳದ ಈ ರೋಗವನ್ನು ನಾವೇ ವಿಚಾರಿಸಿ ತಿಳಿಯಬೇಕು.