ಕೆಟ್ಟ ಲಾರಿಯನ್ನು ಎಳೆಯುವ ವಾಹನವೂ ಅಚ್ಚಿನ ಭಾರವೂ

ನರೇಂದ್ರದಿಂದ ಗಬ್ಬೂರಿನವರೆಗಿನ ಹುಬ್ಬಳ್ಳಿ-ಧಾರವಾಡ ಬೈಪಾಸು ಬಹುಕಾಲ ಎರಡೇ ಪಥದ ಹಾದಿಯಾಗಿತ್ತು. ಅಂಥ ಹಾದಿಯಲ್ಲಿ ಸರಕು ತುಂಬಿದ ಲಾರಿಯೊಂದು ಕೆಟ್ಟು ನಿಂತರೆ ಅದನ್ನು ಬೇಗನೆ ತೆರವುಗೊಳಿಸುವುದು ಪ್ರಾಣರಕ್ಷಣೆಯ ಕಾರ್ಯವೇ ಸರಿ. 1988ರ ಮೋಟಾರು ವಾಹನ ಅಧಿನಿಯಮದ 66ನೆಯ ಕಲಮು ಕೆಟ್ಟ ವಾಹನವನ್ನು ಎಳೆದೊಯ್ಯುವ ಗಾಡಿಗೆ ಪರವಾನಿಗೆಯ ಅಗತ್ಯವಿಲ್ಲವೆನ್ನುತ್ತದೆ. ಭಾರದ ಮಿತಿಯನ್ನು ವಿಧಿಸುವ 113ನೆಯ ಕಲಮಿನಲ್ಲಿ ಮಾತ್ರ ಅಂಥ ವಿನಾಯಿತಿ ಕಾಣದು.

ಈ ಭೇದಕ್ಕೆ ಅರ್ಥವಿದೆಯೇ ಎಂಬುದನ್ನು ಸನ್ನೆಕೋಲಿನ ನಿಯಮದಿಂದ ಪರೀಕ್ಷಿಸಬಹುದು. 2018ರ ಜುಲೈ ತಿಂಗಳ ಕೇಂದ್ರ ಸರಕಾರದ ಪ್ರಕಟಣೆಯು ನಾಲ್ಕು ಟೈರುಗಳ ಒಂಟಿ ಅಚ್ಚಿನ ಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೂ, ಎರಡಚ್ಚಿನ ಲಾರಿಯ ಒಟ್ಟು ಭಾರವನ್ನು 16.2ರಿಂದ 18.5 ಟನ್ನಿಗೂ ಏರಿಸಿತು. ಎಳೆಯುವ ವಾಹನದ ಮುಂದಿನ ಅಚ್ಚಿನ ಮೇಲೆ 4, ಹಿಂದಿನದರ ಮೇಲೆ 7.5 ಟನ್ನು ಇದೆಯೆಂದೂ, ಅಚ್ಚುಗಳ ನಡುವೆ 4 ಮೀಟರು ಅಂತರವೆಂದೂ ಭಾವಿಸೋಣ. ಹಿಂದಿನ ಅಚ್ಚಿನಿಂದ 2 ಮೀಟರು ಆಚೆ ಚಾಚಿದ ತೋಳು ಕೆಟ್ಟ ಲಾರಿಯ ಮೂತಿಯನ್ನೆತ್ತಿ 4 ಟನ್ನು ಹೊತ್ತರೆ ಹಿಂದಿನ ಅಚ್ಚಿಗೆ ಸೇರುವುದು 4 ಅಲ್ಲ, 6 ಟನ್ನು. ಮುಂದಿನ ಅಚ್ಚು 2 ಟನ್ನು ಹಗುರಾಗುತ್ತದೆ. ಚಕ್ರಗಳು ಚುಕ್ಕಾಣಿಗೆ ಸರಿಯಾಗಿ ಮಣಿಯವು. ಈ ವಾಹನದ ಒಟ್ಟು ಭಾರ 15.5 ಟನ್ನು, ಮಿತಿಯೊಳಗೇ ಇದೆ. ಹಿಂದಿನ ಅಚ್ಚು ಮಾತ್ರ 13.5 ಟನ್ನಿಗೆ ಏರಿದೆ! ಒಟ್ಟು ತೂಕವನ್ನಷ್ಟೇ ಹೇಳುವ ತೂಕಸೇತುವೆಗೆ ಈ ದೋಷ ತಿಳಿಯದು.

ರಸ್ತೆಗೆ ತಿಳಿಯುತ್ತದೆ. ಅಮೇರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ನಡೆದ ರಸ್ತೆ ಪ್ರಯೋಗದ ಫಲವಾಗಿ, ಹಾನಿಯು ಅಚ್ಚಿನ ಭಾರದ ಸರಿಸುಮಾರು ನಾಲ್ಕನೆಯ ಘಾತಕ್ಕೆ ಅನುಸಾರವಾಗಿ ಏರುತ್ತದೆಂಬ ನಿಯಮ ದೊರೆಯಿತು. ಆ ಲೆಕ್ಕದಲ್ಲಿ 13.5 ಟನ್ನಿನ ಅಚ್ಚು ಮಿತಿಯ ಅಚ್ಚಿಗಿಂತ ಸುಮಾರು 1.9 ಪಟ್ಟು ಹಾನಿಕರ. ಮಳೆನೀರು ಹೀರಿ ಉಬ್ಬಿ ಮೆತ್ತಗಾಗುವ ಹುಬ್ಬಳ್ಳಿಯ ಎರೆಭೂಮಿಯ ಮೇಲಿನ ರಸ್ತೆಗೆ ಇದು ಅಲ್ಪಸ್ವಲ್ಪದ ಮಾತಲ್ಲ.

ಶುಲ್ಕ ಪಡೆದು ಹೆಚ್ಚುವರಿ ಭಾರವನ್ನು ಸಾಗಗೊಡುವ ಕ್ರಮವನ್ನು ಸರ್ವೋಚ್ಚ ನ್ಯಾಯಾಲಯವು ಪರಮ್‌ಜಿತ್ ಭಸೀನ್ ಪ್ರಕರಣದಲ್ಲಿ, 2005ರ ನವೆಂಬರಿನಲ್ಲಿ, ತಳ್ಳಿಹಾಕಿತು; ದಂಡ ತೆತ್ತರೂ ಹೆಚ್ಚಿನ ಸರಕನ್ನು ಇಳಿಸಲೇಬೇಕು. ಆದರೆ ಎಳೆಯುವ ವಾಹನ ಇಳಿಸುವುದಾದರೂ ಏನನ್ನು? ಅದರ ಹೊರೆ ಕೆಟ್ಟ ಲಾರಿಯೇ. ಅಮೇರಿಕದ ಕೆಲವು ರಾಜ್ಯಗಳು ಇದಕ್ಕಾಗಿಯೇ ವಾರ್ಷಿಕ ಅಧಿಕಭಾರ ಪರವಾನಿಗೆ ನೀಡುತ್ತವೆ. ಅಲ್ಲಿನ 2015ರ ಕೇಂದ್ರ ಶಾಸನವು ಕೆಟ್ಟ ಸ್ಥಳದಿಂದ ಸಮೀಪದ ತಕ್ಕ ದುರಸ್ತಿ ಶಾಲೆಯವರೆಗಿನ ಎಳೆತಕ್ಕೆ ಅಂತರರಾಜ್ಯ ಹೆದ್ದಾರಿಗಳಲ್ಲಿ ಭಾರಮಿತಿಯ ವಿನಾಯಿತಿ ಕೊಟ್ಟಿದೆ. ವರ್ಷಪೂರ್ತಿಯ ಚೀಟಿಗಿಂತ ದೂರಕ್ಕೆ ಕಟ್ಟುಬಿದ್ದ ಈ ವಿನಾಯಿತಿಯೇ ನಮಗೆ ಮೇಲೆನಿಸುತ್ತದೆ. ನಮ್ಮ 66ನೆಯ ಕಲಮು ಕೆಟ್ಟ ವಾಹನದ ಸರಕನ್ನು ಸುರಕ್ಷಿತ ಸ್ಥಳಕ್ಕೊಯ್ಯುವ ಗಾಡಿಗೂ ಪರವಾನಿಗೆಯಿಂದ ಮುಕ್ತಿ ನೀಡಿದೆ. ನರೇಂದ್ರದ ಬಳಿ ಕೆಟ್ಟ ಲಾರಿಯನ್ನು ಮೊದಲು ಹಾದಿಯ ಅಂಚಿನಾಚೆಗೆ ಎಳೆದು, ಸರಕನ್ನು ಬೇರೆ ಗಾಡಿಗೆ ವರ್ಗಾಯಿಸಿ, ಬರಿದಾದ ಮೇಲೆ ಗಬ್ಬೂರಿನತ್ತ ಒಯ್ಯುವುದಕ್ಕೆ ಇಂದಿನ ಶಾಸನದಲ್ಲೇ ಎಡೆಯಿದೆ.