ಗ್ಯಾಸ್ ಗೀಸರ್ ಹೊತ್ತಿಕೊಳ್ಳದಿದ್ದರೆ

ಚಳಿಗಾಲದ ನಸುಕಿನಲ್ಲಿ ನಲ್ಲಿ ತಿರುಗಿಸಿದರೂ ಗೀಸರ್ ಹೊತ್ತಿಕೊಳ್ಳುತ್ತಿಲ್ಲವೇ? ಟಿಕ್ ಟಿಕ್ ಸದ್ದೇ ಇಲ್ಲದಿದ್ದರೆ ಹೆಚ್ಚಾಗಿ ಬ್ಯಾಟರಿ ಸೆಲ್ ಮುಗಿದಿರುತ್ತದೆ, ಇಲ್ಲವೇ ನೀರಿನ ಒತ್ತಡ ಸಾಲದು. ಗಡಸು ನೀರಿನ ಊರುಗಳಲ್ಲಿ ಶವರ್‌ನ ತೂತುಗಳು ಕಟ್ಟಿಕೊಂಡರೂ ಹೀಗಾಗುತ್ತದೆ. ಸದ್ದು ಬಂದೂ ಉರಿ ಬರದಿದ್ದರೆ ಸಿಲಿಂಡರ್, ರೆಗ್ಯುಲೇಟರ್ ನೋಡಿ. ಗ್ಯಾಸಿನ ವಾಸನೆ ಬಂದರೆ ಮತ್ತೆ ಮತ್ತೆ ಹೊತ್ತಿಸಬೇಡಿ, ಸ್ವಿಚ್ ಮುಟ್ಟಬೇಡಿ; ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ತೆರೆದು, ಹೊರಗೆ ಬಂದು 1906ಕ್ಕೆ ಕರೆ ಮಾಡಿ.

ವೈದ್ಯನಾದ ನನಗೆ ಹೆಚ್ಚು ಭಯವಿರುವುದು ಕಿಟಕಿ ಮುಚ್ಚಿದ ಬಚ್ಚಲಲ್ಲಿ ಉರಿಯುತ್ತಲೇ ಇರುವ ಗೀಸರ್ ಬಗ್ಗೆ. ಅಲ್ಲಿ ತುಂಬಿಕೊಳ್ಳುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ. ತಲೆನೋವು, ವಾಕರಿಕೆ ಬಂದರೆ ತಕ್ಷಣ ಹೊರಬನ್ನಿ. ಪ್ರಜ್ಞೆ ತಪ್ಪಿದವರಿಗೆ ಜೋಶಾಂದ ಕುಡಿಸಲು ಹೋಗಬೇಡಿ, ಯುನಾನಿಯವನಾದ ನಾನೇ ಹೇಳುತ್ತಿದ್ದೇನೆ. ಅವರಿಗೆ ಬೇಕಾದದ್ದು ಗಾಳಿ, ಆಸ್ಪತ್ರೆಯ ಆಮ್ಲಜನಕ. ಗೀಸರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಹಾಕಿಸಿ.