ಚಿತ್ರವೂ ಅದರಡಿಯ ಕನ್ನಡವೂ

ಕೊಪ್ಪಳ ತಾಲೂಕಿನ ಮೋರನಾಳ ಗ್ರಾಮದ ಹಿರಿಯ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಪ್ರಶಸ್ತಿ ದೊರೆತಾಗ, ತೊಗಲುಗೊಂಬೆಯಾಟದ ಹೆಸರನ್ನು ಮಾತ್ರ ಬಲ್ಲ ಎಷ್ಟೋ ಕನ್ನಡಿಗರು ಆ ಕಲೆಯನ್ನು ಪ್ರಥಮತಃ ಕಂಡದ್ದು ಊರ ಬಯಲಿನಲ್ಲಿ ಬಿಗಿದ ಬಿಳಿಯ ಪರದೆಯ ಎದುರು ಕುಳಿತಲ್ಲ, ಮೊಬೈಲಿನ ಅಥವಾ ಕಂಪ್ಯೂಟರಿನ ತೆರೆಯ ಮೇಲೆ ಎಂದು ಊಹಿಸಿದರೆ ತಪ್ಪಾಗಲಾರದು. ಹದಮಾಡಿದ ತೊಗಲನ್ನು ಕತ್ತರಿಸಿ, ರಂಧ್ರಗಳನ್ನು ಕೊರೆದು, ಬಣ್ಣವೇರಿಸಿ, ಹಿಂದಿನಿಂದ ದೀಪದ ಬೆಳಕನ್ನು ಹಾಯಿಸಿ ರಾಮಾಯಣ ಮಹಾಭಾರತಗಳ ಕಥೆಯನ್ನು ನಡೆಸುವ ಈ ಆಟವು ಕತ್ತಲೆ ಬೆಳಕುಗಳ ಸೂಕ್ಷ್ಮ ತಾರತಮ್ಯವನ್ನೇ ನೆಚ್ಚಿಕೊಂಡದ್ದು. ಅದರ ಮಾತಾದರೋ ಕೊಪ್ಪಳ ಸೀಮೆಯ ಜನರ ಬಾಯಲ್ಲಿ ಬೆಳೆದು ಬಂದದ್ದು, ಮೈಸೂರು ಮಂಗಳೂರುಗಳ ಕೇಳುಗನಿಗೆ ಒಂದೇ ಸಲಕ್ಕೆ ಕಿವಿಗೆ ಒಗ್ಗದಿರುವುದು. ಆದಕಾರಣ ಇಂತಹ ಆಟದ ವಿಡಿಯೊ ದೂರದ ಪ್ರೇಕ್ಷಕನನ್ನು ಮುಟ್ಟಬೇಕಾದರೆ ಚಿತ್ರವು ತನ್ನ ವರ್ಣವನ್ನೂ ಕಾಂತಿಯನ್ನೂ ಕಳೆದುಕೊಳ್ಳದೆ ಕಾಣಬೇಕು, ಚಿತ್ರದಡಿಯಲ್ಲಿ ಹಾಯುವ ಅಕ್ಷರಗಳು, ಅಂದರೆ ಎಲ್ಲರೂ ಸಬ್‌ಟೈಟಲ್ ಎನ್ನುವ ಅಡಿಬರಹ, ಮುರಿಯದೆ ಮಾಸದೆ ಮೂಡಬೇಕು. ಈ ಎರಡು ಕಾರ್ಯಗಳನ್ನೂ ನಡೆಸಿಕೊಡುವುದು ಮೀಡಿಯಾ ಪ್ಲೇಯರ್ ಎಂಬ ತಂತ್ರಾಂಶ.

ಪ್ಲೇಯರ್ ಎಂಬುದು ಕಡತದಲ್ಲಿರುವುದನ್ನು ಇದ್ದಂತೆಯೇ ತೆರೆಗೆ ದಾಟಿಸುವ ಯಂತ್ರವೆಂದು ನಾವು ಭಾವಿಸುವುದುಂಟು. ವಸ್ತುಸ್ಥಿತಿ ಹಾಗಿಲ್ಲ. ಕಡತದಲ್ಲಿ ಬಹುಮಟ್ಟಿಗೆ ಬೆಳಕಿನ ವಿವರ ಮಾತ್ರ ಪೂರ್ಣವಾಗಿರುತ್ತದೆ. ಬಣ್ಣದ ವಿವರವು ನಾಲ್ಕು ಬಿಂದುಗಳಿಗೆ ಒಂದರಂತೆ ಉಳಿದಿರುತ್ತದೆ. ಮಿಕ್ಕದ್ದನ್ನು ಪ್ಲೇಯರ್ ತಾನೇ ಗಣಿಸಿ ತುಂಬಬೇಕು. ಗೊಂಬೆಯ ಕೆಂಪು ಅಂಚು ಕಪ್ಪು ಹಿನ್ನೆಲೆಯೊಳಕ್ಕೆ ಹರಡಿದಂತೆ ಕಾಣುವುದಕ್ಕೆ ಈ ಗಣನೆ ಒರಟಾಗಿರುವುದೂ ಒಂದು ಕಾರಣ. ಇನ್ನು ಕಪ್ಪಿನ ವಿಷಯ. ಟೆಲಿವಿಷನ್ ಪದ್ಧತಿಯ ವಿಡಿಯೊದಲ್ಲಿ ಅಚ್ಚಗಪ್ಪನ್ನು 16 ಎಂಬ ಸಂಖ್ಯೆಯಿಂದಲೂ ಶುಭ್ರವಾದ ಬಿಳುಪನ್ನು 235 ಎಂಬ ಸಂಖ್ಯೆಯಿಂದಲೂ ಸೂಚಿಸುವರು. ಕಂಪ್ಯೂಟರಿನ ತೆರೆಯಾದರೋ 0ಯಿಂದ 255ರವರೆಗೆ ಎಣಿಸುವುದು. ಒಂದು ಲೆಕ್ಕವನ್ನು ಇನ್ನೊಂದಕ್ಕೆ ಪರಿವರ್ತಿಸುವುದನ್ನು ಪ್ಲೇಯರ್ ಮರೆತರೆ ರಾತ್ರಿಯ ಕತ್ತಲೆ ಬೂದಿಬಣ್ಣಕ್ಕೆ ತಿರುಗುತ್ತದೆ. ಎರಡು ಸಲ ಪರಿವರ್ತಿಸಿದರೆ ನೆರಳಿನಲ್ಲಿದ್ದ ವಿವರವೆಲ್ಲ ಮಸಿಯಾಗುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ತೆಗೆದ ಮದುವೆಯ ಚಿತ್ರದಲ್ಲಿ ಈ ದೋಷ ಅಷ್ಟಾಗಿ ಕಣ್ಣಿಗೆ ಬೀಳದು. ದೀಪದ ಬೆಳಕನ್ನೇ ಆಶ್ರಯಿಸಿದ ತೊಗಲುಗೊಂಬೆಗೆ ಇದು ಪ್ರಾಣಘಾತಕ.

ಇದಕ್ಕಿಂತ ಹಳೆಯ ಕಷ್ಟ ಇನ್ನೊಂದುಂಟು. ಕೊಪ್ಪಳ ಸೀಮೆಯ ಕುಷ್ಟಗಿ ಯಲಬುರ್ಗಾ ಕಡೆಯ ಮನೆಗಳಲ್ಲಿ ಜಾತ್ರೆಯ, ದೊಡ್ಡಾಟದ, ಲಗ್ನದ ಹಳೆಯ ಕ್ಯಾಸೆಟ್ಟುಗಳನ್ನು ಈಗ ಡಿಜಿಟಲ್ ಕಡತಗಳಾಗಿ ಮಾಡಿಸಿಕೊಳ್ಳುವವರು ಇದ್ದಾರೆ. ಭಾರತದ ಟೆಲಿವಿಷನ್ ಅಂಗೀಕರಿಸಿದ್ದ ಪಾಲ್ ಪದ್ಧತಿಯಲ್ಲಿ ಚಿತ್ರಕ್ಕೆ ಒಟ್ಟು 625 ಗೆರೆಗಳು, ಕಣ್ಣಿಗೆ ಕಾಣುವವು 576. ಅವುಗಳಲ್ಲಿ ಬೆಸ ಗೆರೆಗಳನ್ನು ಒಮ್ಮೆ, ಸಮ ಗೆರೆಗಳನ್ನು ಇನ್ನೊಮ್ಮೆ, ಸೆಕೆಂಡಿಗೆ ಐವತ್ತು ಸಲ ಪರ್ಯಾಯವಾಗಿ ಬರೆಯುವ ಏರ್ಪಾಡು. ಹಳೆಯ ದಪ್ಪ ಟೀವಿಯಲ್ಲಿ ಅದು ಸಹಜವಾಗಿತ್ತು. ಈಗಿನ ತೆರೆ ಎಲ್ಲ ಗೆರೆಗಳನ್ನೂ ಏಕಕಾಲಕ್ಕೆ ತೋರಿಸುವುದರಿಂದ, ಕುಣಿಯುವವನ ಕೈಯಂಚು ಬಾಚಣಿಗೆಯ ಹಲ್ಲಿನಂತೆ ಸೀಳಿಕೊಂಡು ಕಾಣುತ್ತದೆ. ಎರಡು ಪಾಲುಗಳನ್ನು ಹೊಂದಿಸಿ ಈ ಸೀಳನ್ನು ಅಳಿಸುವ ಕ್ರಿಯೆಗೆ ಡಿಇಂಟರ್ಲೇಸ್ ಎಂದು ಹೆಸರು. ವಿಎಲ್‌ಸಿ ಎಂಬ ಪ್ಲೇಯರಿನಲ್ಲಿ ವಿಡಿಯೊ ಪಟ್ಟಿಯೊಳಗೆ ಅದು ದೊರೆಯುವುದು. ಇದರ ಜೊತೆಗೆ, 4:3 ಪ್ರಮಾಣದಲ್ಲಿ ತೆಗೆದ ಚಿತ್ರವನ್ನು ತೆರೆ ತುಂಬಲೆಂದು 16:9ಕ್ಕೆ ಹಿಗ್ಗಿಸಿದರೆ ಅಗಲವು ಮೂರನೆಯ ಒಂದು ಪಾಲಿನಷ್ಟು ಹೆಚ್ಚಿ, ತೀರಿಹೋದ ಅಜ್ಜನ ಮುಖವನ್ನು ಮೊಮ್ಮಕ್ಕಳು ಅದು ಎಂದೂ ಇದ್ದಿರದ ಆಕಾರದಲ್ಲಿ ನೋಡುತ್ತಾರೆ. ಎರಡು ಬದಿಗಳಲ್ಲಿ ಕಪ್ಪು ಪಟ್ಟಿ ಉಳಿದರೆ ಉಳಿಯಲಿ, ಮುಖ ಮುಖವಾಗಿರಬೇಕು.

ಚಿತ್ರದ ವಿಷಯ ಇಷ್ಟು ಸಾಕು. ಅಕ್ಷರದ ವಿಷಯ ಹೆಚ್ಚು ಗಹನವಾದದ್ದು, ಕನ್ನಡಿಗರಿಗೆ ಹೆಚ್ಚು ಸಮೀಪವಾದದ್ದು.

ಯೂನಿಕೋಡ್ ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ವ್ಯಂಜನಕ್ಕೂ ಸ್ವರಚಿಹ್ನೆಗೂ ಹಲಂತಕ್ಕೂ ಬೇರೆಬೇರೆ ಸಂಖ್ಯೆ ಇದೆ. ಒತ್ತಕ್ಷರಕ್ಕೆ ಪ್ರತ್ಯೇಕ ಸಂಖ್ಯೆ ಇಲ್ಲ. ‘ಪ್ಪ’ ಎಂಬುದು ಕಡತದಲ್ಲಿ ಪಕಾರ, ಹಲಂತ, ಮತ್ತೆ ಪಕಾರ ಎಂಬ ಮೂರು ಸಂಖ್ಯೆಗಳ ಸಾಲು. ಆ ಸಾಲನ್ನು ಓದಿ, ಎರಡನೆಯ ಪಕಾರವನ್ನು ಮೊದಲನೆಯದರ ಕೆಳಗೆ ಒತ್ತಾಗಿ ಕೂರಿಸಬೇಕೆಂದು ನಿರ್ಣಯಿಸುವವರು ಯಾರು? ಹಳೆಯ ಅಚ್ಚುಕೂಟದಲ್ಲಿ ಹಸ್ತಪ್ರತಿಯನ್ನು ಎದುರಿಗಿಟ್ಟುಕೊಂಡು ಮೊಳೆಗಳನ್ನು ಆಯ್ದು ಜೋಡಿಸುತ್ತಿದ್ದ ಕುಶಲಿಯ ಕೆಲಸವೇ ಇದು. ತಂತ್ರಾಂಶ ಪ್ರಪಂಚದಲ್ಲಿ ಅದನ್ನು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ ಮಾಡುತ್ತದೆ. ಅಂಥ ಜೋಡಣೆಗಾರನಿಲ್ಲದ ಪ್ಲೇಯರ್‌ಗಳು ಸಂಖ್ಯೆಗಳನ್ನು ಬಂದ ಬಂದ ಹಾಗೆ ಒಂದರ ಪಕ್ಕ ಒಂದನ್ನು ಇಟ್ಟುಬಿಡುತ್ತಿದ್ದವು. ಅಂತಹ ತೆರೆಯಲ್ಲಿ ಕೊಪ್ಪಳವು ‘ಕೊಪ್‌ಪಳ’ವಾಗುವುದು, ಕುಷ್ಟಗಿ ‘ಕುಷ್‌ಟಗಿ’ಯಾಗುವುದು, ಗಂಗಾವತಿಗೆ ಒತ್ತಿಲ್ಲದ ಕಾರಣ ಕಡೆಯ ‘ತಿ’ಯ ಗುಡಿಸು ಮಾತ್ರ ಹೊಂದದೆ, ಅದು ಹೆಚ್ಚಿನ ಗಾಯವಿಲ್ಲದೆ ಪಾರಾಗುವುದು. ಎಲ್ಲಕ್ಕಿಂತ ಕಠಿಣವಾದ ಪರೀಕ್ಷೆ ಯಲಬುರ್ಗಾದ್ದು. ಅಲ್ಲಿ ರೇಫವನ್ನು ನಾವು ಮೊದಲು ಉಚ್ಚರಿಸುತ್ತೇವೆ, ಕಡತದಲ್ಲಿಯೂ ಅದೇ ಮೊದಲು. ಆದರೆ ಬರೆವಣಿಗೆಯಲ್ಲಿ ಅದು ಅರ್ಕಾವತ್ತಾಗಿ ಗಕಾರದ ಬಲಕ್ಕೆ ಹಾರಿ ಕುಳಿತುಕೊಳ್ಳುತ್ತದೆ. ಈ ಸ್ಥಾನಪಲ್ಲಟವನ್ನು ಅರಿಯದ ಪ್ಲೇಯರಿನಲ್ಲಿ ‘ಯಲಬುರ್‌ಗಾ’ ಎಂಬ ವಿಕಾರ ಮೂಡುವುದು. ‘ಸ್ತ್ರೀ’, ‘ರಾಷ್ಟ್ರ’, ‘ಸಾಮರ್ಥ್ಯ’ ಮುಂತಾದ, ಒಂದಕ್ಕಿಂತ ಹೆಚ್ಚು ಒತ್ತುಗಳನ್ನು ಹೊತ್ತ ಶಬ್ದಗಳ ಪಾಡನ್ನು ಹೇಳುವುದೇ ಬೇಡ. ಕವಿರಾಜಮಾರ್ಗವು ಒಂಬತ್ತನೆಯ ಶತಮಾನದಲ್ಲಿಯೇ ತಿರುಳ್ಗನ್ನಡದ ನೆಲೆಗಳಲ್ಲೊಂದೆಂದು ಕೊಪಣವನ್ನು, ಎಂದರೆ ಇದೇ ಕೊಪ್ಪಳವನ್ನು, ಹೆಸರಿಸಿತ್ತು. ಅಂತಹ ಊರಿನ ಹೆಸರೇ ತೆರೆಯ ಮೇಲೆ ಹೋಳಾಗಿ ಬೀಳುವುದು ಯಾವ ಕನ್ನಡಿಗನಿಗೂ ಸಹ್ಯವಾಗಕೂಡದು.

ಪರಿಹಾರ ಬಂತು, ನಿಧಾನವಾಗಿ ಬಂತು. ಎಂಪ್ಲೇಯರ್ ಎಂಬ ಪ್ಲೇಯರಿನ ಅಂಗವಾಗಿ ಹುಟ್ಟಿ ಬಳಿಕ ಸ್ವತಂತ್ರವಾದ ಲಿಬ್‌ಆಸ್ ಎಂಬ ಅಡಿಬರಹ ಮೂಡಿಸುವ ತಂತ್ರಾಂಶವು 2011ರ ಹೊತ್ತಿಗೆ ಹಾರ್ಫ್‌ಬಜ್ ಅನ್ನು ತನ್ನೊಳಗೆ ಸೇರಿಸಿಕೊಂಡಿತು. ಅದನ್ನು ಆಶ್ರಯಿಸಿದ ಎಂಪಿವಿಯಂತಹ ಪ್ಲೇಯರ್‌ಗಳಿಗೆ ಭಾರತೀಯ ಲಿಪಿಗಳು ಹಾಗೆ ದಕ್ಕಿದವು. 1996ರಲ್ಲಿ ಪ್ಯಾರಿಸ್ಸಿನ ವಿದ್ಯಾರ್ಥಿಗಳು ಆರಂಭಿಸಿ, 2001ರಲ್ಲಿ ಮುಕ್ತ ಪರವಾನಗಿಯೊಂದಿಗೆ ಲೋಕಕ್ಕೆ ಒಪ್ಪಿಸಿದ ವಿಎಲ್‌ಸಿ, 2018ರ ಫೆಬ್ರವರಿಯಲ್ಲಿ ಹೊರಬಂದ ತನ್ನ ಮೂರನೆಯ ಆವೃತ್ತಿಯಲ್ಲಿ ಅಕ್ಷರ ಬರೆಯುವ ಭಾಗವನ್ನು ಹೊಸದಾಗಿ ಕಟ್ಟಿ ಸಂಕೀರ್ಣ ಲಿಪಿಗಳ ಜೋಡಣೆಯನ್ನು ತಂದಿತು. ಆದುದರಿಂದ ಒತ್ತಕ್ಷರ ಒಡೆದು ಕಾಣುತ್ತಿದೆಯೆಂದು ದೂರುವವರು ಮೊದಲು ತಮ್ಮ ಯಂತ್ರದಲ್ಲಿರುವ ಪ್ಲೇಯರ್ ಯಾವ ಕಾಲದ್ದೆಂದು ನೋಡಿಕೊಳ್ಳುವುದು ಉಚಿತ.

ಜೋಡಣೆಗಾರ ಎಷ್ಟೇ ಕುಶಲಿಯಾದರೂ ಮೊಳೆಗಳಿಲ್ಲದೆ ಏನು ಮಾಡಿಯಾನು? ಕನ್ನಡದ ಅಕ್ಷರರೂಪಗಳೇ ಇಲ್ಲದ ಫಾಂಟನ್ನು ಆರಿಸಿದ್ದರೆ, ಬೇರೊಂದು ಫಾಂಟನ್ನು ತಾನೇ ಹುಡುಕಿಕೊಳ್ಳಬಲ್ಲ ಪ್ಲೇಯರ್ ಪಾರಾಗುತ್ತದೆ. ಇಲ್ಲದಿದ್ದರೆ ಖಾಲಿ ಚೌಕಗಳ ಸಾಲು ಮಾತ್ರ. ವಿಂಡೋಸ್ ಜೊತೆ ಬಂದ ತುಂಗಾ ಮತ್ತು ನಿರ್ಮಲಾ, ಗೂಗಲ್‌ನ ನೋಟೊ, ಲೋಹಿತ್, ಕನ್ನಡದ ಕಾರ್ಯಕರ್ತರೇ ರೂಪಿಸಿ ಮುಕ್ತವಾಗಿ ಹಂಚಿದ ಗುಬ್ಬಿ ಮತ್ತು ನವಿಲು ಇವೆಲ್ಲ ಈಗ ಕೈಗೆಟಕುವಂತಿವೆ. ಇನ್ನು ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ ಅಡಿಬರಹದ ಕಥೆಯೇ ಬೇರೆ: ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳ ಮೇಲೆಯೇ ಕನ್ನಡದ ರೂಪಗಳನ್ನು ಕೂರಿಸಿದಂಥವಾದ್ದರಿಂದ, ಅವಿಲ್ಲದ ಯಂತ್ರದಲ್ಲಿ ಕನ್ನಡದ ಬದಲು ಅರ್ಥಹೀನವಾದ ರೋಮನ್ ಅಕ್ಷರಗಳು ಕಾಣಿಸುತ್ತವೆ. ಅವನ್ನು ಯೂನಿಕೋಡಿಗೆ ಪರಿವರ್ತಿಸಿಕೊಂಡೇ ಬಳಸಬೇಕು. ಪರಿವರ್ತಿಸಿದ ಮೇಲೆಯೂ ಕಡತವನ್ನು ಯುಟಿಎಫ್-8 ರೂಪದಲ್ಲಿ ಉಳಿಸತಕ್ಕದ್ದು. ಆ ರೂಪದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟುಗಳು; ಪ್ಲೇಯರ್ ಅದನ್ನು ಬೇರಾವುದೋ ಸಂಕೇತವೆಂದು ಭ್ರಮಿಸಿದರೆ ಒಂದು ಚಿಹ್ನೆಯ ಸ್ಥಳದಲ್ಲಿ ಮೂರು ಅಪರಿಚಿತ ಗುರುತುಗಳು ಸಾಲುಗಟ್ಟುತ್ತವೆ.

ಅಕ್ಷರ ಕೂಡಿದ ಮಾತ್ರಕ್ಕೆ ಅದು ಓದಿಗೆ ಸಲ್ಲುವುದೆಂದು ಹೇಳಲಾಗದು. ಬೆಳಕಿನ ದೃಶ್ಯದ ಮೇಲೆ ಬಿಳಿಯ ಅಕ್ಷರ ಕಾಣಲೆಂದು ಸುತ್ತಲೂ ಕಪ್ಪು ಅಂಚು ಕಟ್ಟುವುದು ವಾಡಿಕೆ. ರೋಮನ್ ಲಿಪಿಯನ್ನು ಮನಸ್ಸಿನಲ್ಲಿಟ್ಟು ಗೊತ್ತುಮಾಡಿದ ಆ ಅಂಚಿನ ದಪ್ಪ ಕನ್ನಡಕ್ಕೆ ಹಲವೊಮ್ಮೆ ಅತಿಯಾಗುತ್ತದೆ. ಮಹಾಪ್ರಾಣವನ್ನು ತೋರಿಸಲು ಅಕ್ಷರದ ಅಡಿಯಲ್ಲಿ ಇರುವ ಕಿರಿದಾದ ಸೀಳು ಈ ಕಪ್ಪಿನಲ್ಲಿ ಮುಚ್ಚಿಹೋಗಿ ‘ಧನ’ವು ‘ದನ’ವಾಗಿ, ‘ಭಾರ’ವು ‘ಬಾರ’ವಾಗಿ ತೋರುವುದು. ಎರಡು ಸಾಲಿನ ಅಡಿಬರಹದಲ್ಲಿ ಮೇಲಿನ ಸಾಲಿನ ಒತ್ತುಗಳು ಕೆಳಸಾಲಿನ ತಲೆಕಟ್ಟಿಗೆ ತಾಗುವುದು, ಕೆಳಸಾಲಿನ ಒತ್ತುಗಳು ತೆರೆಯ ಅಂಚಿನಲ್ಲಿ ಕತ್ತರಿಸಿಹೋಗುವುದು ಇವೂ ಸಾಮಾನ್ಯ ದೋಷಗಳು. ಅಕ್ಷರದ ಗಾತ್ರವನ್ನು ಸ್ವಲ್ಪ ಹಿಗ್ಗಿಸಿ, ಅಂಚನ್ನು ತೆಳುಮಾಡಿ, ಸಾಲುಗಳ ನಡುವಣ ಮತ್ತು ಕೆಳಗಿನ ಅವಕಾಶವನ್ನು ಹೆಚ್ಚಿಸಿದರೆ ಬಹುಪಾಲು ವಾಸಿಯಾಗುವುದು. ಹೆಚ್ಚಿನ ಪ್ಲೇಯರ್‌ಗಳ ಸಬ್‌ಟೈಟಲ್ ಸೆಟ್ಟಿಂಗಿನಲ್ಲಿ ಇವುಗಳಲ್ಲಿ ಹಲವಕ್ಕೆ ಅವಕಾಶವಿದೆ. ಮತ್ತೊಂದು ಸೂಕ್ಷ್ಮವಿದೆ. 576 ಗೆರೆಗಳ ಹಳೆಯ ಚಿತ್ರದ ಮೇಲೆಯೇ ಅಕ್ಷರವನ್ನು ಬರೆದು, ಬಳಿಕ ಎರಡನ್ನೂ ಒಟ್ಟಿಗೆ 1080 ಗೆರೆಗಳ ತೆರೆಗೆ ಹಿಗ್ಗಿಸಿದರೆ ಚಿತ್ರದೊಡನೆ ಅಕ್ಷರವೂ ಮಸುಕಾಗುತ್ತದೆ. ಚಿತ್ರವನ್ನು ಮೊದಲು ಹಿಗ್ಗಿಸಿ, ಅಕ್ಷರವನ್ನು ತೆರೆಯ ಪೂರ್ಣ ಗೆರೆಗಳಲ್ಲಿಯೇ ಹೊಸದಾಗಿ ಬರೆದರೆ, ಚಿತ್ರ ಎಷ್ಟೇ ಹಳೆಯದಾಗಿರಲಿ, ಅಡಿಬರಹ ಚೂಪಾಗಿ ನಿಲ್ಲುತ್ತದೆ. ಡಿವಿಡಿಯ ಅಡಿಬರಹಗಳಿಗೆ ಈ ಭಾಗ್ಯವಿಲ್ಲ. ಅಲ್ಲಿ ಅಕ್ಷರವು ಅಕ್ಷರವಲ್ಲ, ಚಿತ್ರವಾಗಿಯೇ ಅಚ್ಚಾದದ್ದು. ಒತ್ತು ಒಡೆಯುವ ಭಯವಿಲ್ಲ ನಿಜ, ಆದರೆ ಹಿಗ್ಗಿಸಿದಷ್ಟೂ ಮೆಟ್ಟಿಲುಮೆಟ್ಟಿಲಾಗುವುದು ತಪ್ಪದು.

ಕಾಲದ ಲೆಕ್ಕವನ್ನೂ ಇಲ್ಲಿ ಹೇಳಬೇಕು. ಎಸ್‌ಆರ್‌ಟಿ ಎಂಬ ಸರಳ ಕಡತದಲ್ಲಿ ಪ್ರತಿ ಮಾತಿಗೂ ಒಂದು ಕ್ರಮಸಂಖ್ಯೆ, ಅದು ಮೂಡುವ ಮತ್ತು ಮರೆಯಾಗುವ ಸಮಯ, ಆಮೇಲೆ ಮಾತು, ಆಮೇಲೊಂದು ಖಾಲಿ ಸಾಲು, ಇಷ್ಟೇ. ಸಿನಿಮಾ ಸೆಕೆಂಡಿಗೆ 24 ಚಿತ್ರಗಳಂತೆ ಓಡುವುದು, ಪಾಲ್ ಟೆಲಿವಿಷನ್ 25ರಂತೆ. ಸಿನಿಮಾವನ್ನು ಟೆಲಿವಿಷನ್ನಿಗೆ ಹೊಂದಿಸಲು ವೇಗವನ್ನು ಹೆಚ್ಚಿಸಿದಾಗ ಒಂದು ಗಂಟೆಯ ಭಾಗ 57 ನಿಮಿಷ 36 ಸೆಕೆಂಡಿನಲ್ಲಿ ಮುಗಿಯುತ್ತದೆ; ಸಿನಿಮಾದ ಅಡಿಬರಹವನ್ನು ಟೆಲಿವಿಷನ್ ಪ್ರತಿಗೆ ಹಾಕಿದರೆ ಮೊದಲಲ್ಲಿ ಸರಿಯಾಗಿದ್ದದ್ದು ಗಂಟೆ ತುಂಬುವಷ್ಟರಲ್ಲಿ ಎರಡೂ ಕಾಲು ನಿಮಿಷಕ್ಕೂ ಮಿಕ್ಕಿ ಹಿಂದೆ ಬಿದ್ದಿರುತ್ತದೆ. ವಿಎಲ್‌ಸಿಯ ಜಿ ಮತ್ತು ಎಚ್ ಕೀಲಿಗಳು ಅಡಿಬರಹವನ್ನು ಹಿಂದೆ ಮುಂದೆ ಸರಿಸುತ್ತವೆ. ಆದರೆ ಅಂತರವು ಬೆಳೆಯುತ್ತಲೇ ಇದ್ದರೆ ಸರಿಸಿ ಪ್ರಯೋಜನವಿಲ್ಲ, ಅಡಿಬರಹದ ವೇಗವನ್ನೇ ಬದಲಿಸಬೇಕು.

ಇಷ್ಟೆಲ್ಲ ಶ್ರಮ ಯಾರಿಗಾಗಿ ಎಂದರೆ, ಗಂಗಾವತಿಯನ್ನೇ ನೋಡಬಹುದು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಆಂಧ್ರದ ರೈತರು ಬಂದು ನೆಲೆಸಿದ ಕ್ಯಾಂಪುಗಳು ಆ ಭತ್ತದ ಸೀಮೆಯ ತುಂಬ ಇವೆ. ತೆಲುಗು ಕಿವಿಗೆ ಪರಿಚಿತ, ಓದು ಕನ್ನಡದ್ದು ಎಂಬ ಮಕ್ಕಳು ಅಲ್ಲಿ ವಿರಳರಲ್ಲ. ತೆಲುಗು ಚಿತ್ರಕ್ಕೆ ಕನ್ನಡದ ಅಡಿಬರಹವಿದ್ದರೆ ಅಂಥ ಮನೆಯ ಎರಡು ಭಾಷೆಗಳೂ ಒಂದೇ ತೆರೆಯಲ್ಲಿ ಕೂಡುತ್ತವೆ. ಕಿವಿ ಕೇಳದವರ ವಿಷಯದಲ್ಲಿ ಅಡಿಬರಹವು ಸೌಕರ್ಯವಲ್ಲ, ಹಕ್ಕು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಬೆನ್ನಿಗೆ, ಚಿತ್ರಮಂದಿರಗಳಲ್ಲಿ ಈ ಸೌಲಭ್ಯ ಹೇಗಿರಬೇಕೆಂಬ ಮಾರ್ಗಸೂಚಿಯನ್ನು ಕೇಂದ್ರ ಸರಕಾರ 2024ರ ಮಾರ್ಚಿನಲ್ಲಿ ಹೊರಡಿಸಿದೆ. ಆಡಿದ ಭಾಷೆಯಲ್ಲಿಯೇ ಅಡಿಬರಹ ಕೊಟ್ಟರೆ ಅರೆಬರೆ ಓದು ಬಲ್ಲವರ ಓದು ಗಟ್ಟಿಯಾಗುವುದೆಂದು 1996ರಿಂದ ಪ್ರತಿಪಾದಿಸುತ್ತ ಬಂದವರು ಬ್ರಿಜ್ ಕೊಠಾರಿ. ಆ ವಾದ ನನಗೆ ಪೂರ್ಣವಾಗಿ ಒಪ್ಪಿಗೆ; ಆದರೆ ಓದು ಕಲಿಯುತ್ತಿರುವವನ ಮುಂದೆ ಒಡೆದ ಒತ್ತಕ್ಷರವನ್ನು ಇಡುವುದು ಅವನಿಗೆ ತಪ್ಪು ಕಾಗುಣಿತವನ್ನು ಬೋಧಿಸಿದಂತೆಯೇ ಸರಿ.

ಮೋರನಾಳದ ಆಟವನ್ನಾಗಲಿ, ಯಲಬುರ್ಗಾ ಸೀಮೆಯ ದೊಡ್ಡಾಟವನ್ನಾಗಲಿ ದಾಖಲಿಸುವವರು ಅಡಿಬರಹವನ್ನು ಬರೆಯುವಾಗ ಕಲಾವಿದ ‘ಬರಾಕತ್ತಾನ’ ಎಂದರೆ ‘ಬರಾಕತ್ತಾನ’ ಎಂದೇ ಬರೆಯಲಿ, ‘ಬರುತ್ತಿದ್ದಾನೆ’ ಎಂದು ತಿದ್ದದಿರಲಿ. ಕೇಳುವ ಕಿವಿಗೂ ಓದುವ ಕಣ್ಣಿಗೂ ವಿರಸವುಂಟಾಗಬಾರದು. ಪದಗಳಿಗೆ ಅಕ್ಷರ ಅಕ್ಷರವಾಗಿ ಬಣ್ಣ ತುಂಬುವ ಹಾಡಿನ ಅಲಂಕಾರವನ್ನು ಬಯಸುವವರು, ಒತ್ತನ್ನು ಅದರ ಮೂಲಾಕ್ಷರದಿಂದ ಬೇರೆ ಬಣ್ಣಕ್ಕೆ ಸೀಳದಂತೆ ಎಚ್ಚರವಹಿಸಲಿ, ಸೀಳಿದೆಡೆಯಲ್ಲಿ ಜೋಡಣೆ ಮುರಿಯುತ್ತದೆ. ಸಿದ್ಧವಾದ ಅಡಿಬರಹವನ್ನೂ ಅದಕ್ಕೆ ಆರಿಸಿದ ಮುಕ್ತ ಫಾಂಟನ್ನೂ ವಿಡಿಯೊದೊಡನೆ ಎಂಕೆವಿ ಎಂಬ ಒಂದೇ ಕಡತದೊಳಗೆ ಇಟ್ಟು ಕಳುಹಿಸಲು ಬರುತ್ತದೆ. ಹಾಗೆ ಮಾಡಿದರೆ ನೋಡುವವನ ಯಂತ್ರದಲ್ಲಿ ಕನ್ನಡದ ಫಾಂಟು ಇದೆಯೋ ಇಲ್ಲವೋ ಎಂಬ ಶಂಕೆಯೂ ಬಹುಮಟ್ಟಿಗೆ ನೀಗುವುದು. ಹೊರಗೆ ಬಿಡುವುದಕ್ಕೆ ಮುನ್ನ ಅದನ್ನು ಊರಿನ ಜನರ ಕೈಯಲ್ಲಿರುವ ಅಗ್ಗದ ಮೊಬೈಲೊಂದರಲ್ಲಿ, ಹಗಲು ಬೆಳಕಿನಲ್ಲಿ, ಮೊದಲಿನಿಂದ ಕಡೆಯವರೆಗೆ ಒಮ್ಮೆ ಓಡಿಸಿ ನೋಡಬೇಕು.